ಹಾರ್ಡಿಂಗ್ ನದಿಯ ದಡದ ಗೃಹಿಣಿ: ಎಮ್ಮಾ ವಿಥ್‌ನೆಲ್



ವಿಲೆಟನ್‌ನಲ್ಲಿ ವಾಸಿಸುವ ನಮ್ಮಲ್ಲಿ ರೋ ಹೈವೇ ಗೊತ್ತಿಲ್ಲದವರು ಯಾರೂ ಇರಲಾರರು. ಭಾನುವಾರ ಸ್ವಾನ್ ಕಣಿವೆಗೆ ಹೊರಟರೆ ಅದೇ ದಾರಿ, ಗಿಲ್ಡ್‌ಫರ್ಡ್ ಕಡೆ ಹೋಗುವುದಕ್ಕೂ ಅದೇ ದಾರಿ. ಆದರೆ ಈ 'ರೋ' ಯಾರು ಎಂದು ಕೇಳಿದರೆ ನಮ್ಮಲ್ಲಿ ಹಲವರು ತಲೆ ಕೆರೆದುಕೊಳ್ಳುತ್ತೇವೆ. ಈ ವಸಾಹತಿನ ಮೊದಲ ಸರ್ವೇಯರ್ ಜನರಲ್ ಆಗಿದ್ದ ಜಾನ್ ಸೆಪ್ಟಿಮಸ್ ರೋ ಅವರ ಹೆಸರು ಅದು. ಅವರದೇ ಹೆಸರಿನ ಒಂದು ಊರು ಇಲ್ಲಿಂದ ಸುಮಾರು 1500 ಕಿಲೋಮೀಟರ್ ಉತ್ತರಕ್ಕೆ, ಪಿಲ್ಬರಾ ಸೀಮೆಯಲ್ಲಿದೆ. ಅದರ ಹೆಸರು ರೋಬರ್ನ್. ನಮ್ಮ ಕನ್ನಡ ಕುಟುಂಬಗಳಲ್ಲೂ ಅಪ್ಪನೋ ಚಿಕ್ಕಪ್ಪನೋ ಗಣಿ ಕೆಲಸಕ್ಕೆಂದು ವಿಮಾನ ಹತ್ತಿ ಕರಾಥಾಗೆ ಹೋಗಿ ಬರುವವರಿದ್ದಾರೆ. ಕರಾಥಾದಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ರೋಬರ್ನ್ ಸಿಗುತ್ತದೆ.

ಆ ಊರಿನ ಹುಟ್ಟಿನ ಜೊತೆ ಒಬ್ಬ ಗೃಹಿಣಿಯ ಹೆಸರು ಸೇರಿಕೊಂಡಿದೆ. ಅವರೇ ಎಮ್ಮಾ ವಿಥ್‌ನೆಲ್. ಪಶ್ಚಿಮ ಆಸ್ಟ್ರೇಲಿಯಾದ ಚರಿತ್ರೆಯಲ್ಲಿ ಅವರನ್ನು 'ವಾಯವ್ಯದ ತಾಯಿ' ಎಂದು ಕರೆಯುವುದು ವಾಡಿಕೆ. ಅವರು ಯುದ್ಧ ಗೆದ್ದವರಲ್ಲ, ಚುನಾವಣೆಗೆ ನಿಂತವರಲ್ಲ, ಗ್ರಂಥ ಬರೆದವರೂ ಅಲ್ಲ. ಅಡುಗೆ ಮಾಡಿದರು, ಬಟ್ಟೆ ಒಗೆದರು, ಮಕ್ಕಳನ್ನು ಹೆತ್ತು ಸಾಕಿದರು, ರೋಗಿಗಳ ಆರೈಕೆ ಮಾಡಿದರು. ಇಷ್ಟನ್ನೇ ಮಾಡಿದವರ ಹೆಸರು ಚರಿತ್ರೆಯಲ್ಲಿ ಉಳಿಯುವುದು ಬಹಳ ಅಪರೂಪ. ಆದ್ದರಿಂದ ಅವರ ಜೀವನವನ್ನು ತಿಳಿದುಕೊಳ್ಳುವುದು ನಮಗೆಲ್ಲ ಒಳ್ಳೆಯದು.

ಬಾಲ್ಯ ಮತ್ತು ಮದುವೆ

ಎಮ್ಮಾ ಮೇರಿ ಹ್ಯಾಂಕಾಕ್ ಹುಟ್ಟಿದ್ದು 1842ರ ಡಿಸೆಂಬರ್ 19ರಂದು, ನಮ್ಮ ಪರ್ತ್‌ನ ಪಕ್ಕದ ಗಿಲ್ಡ್‌ಫರ್ಡ್‌ನಲ್ಲಿ. ತಂದೆ ಜಾರ್ಜ್ ಹ್ಯಾಂಕಾಕ್, ತಾಯಿ ಸೋಫಿಯಾ. ಸ್ವಾನ್ ನದಿಯ ವಸಾಹತು ಸ್ಥಾಪನೆಯಾಗಿ ಆಗಿನ್ನೂ 13 ವರ್ಷ. ಜನ ಕಡಿಮೆ, ಹಣ ಇನ್ನೂ ಕಡಿಮೆ. ಬೇಸಾಯದ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಹಾಲು ಕರೆಯುವುದು, ಬೆಣ್ಣೆ ತೆಗೆಯುವುದು, ರೊಟ್ಟಿ ಸುಡುವುದು, ಹೊಲಿಗೆ, ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಇವೇ ಪಾಠಗಳು. ನಮ್ಮ ಹಳ್ಳಿಗಳಲ್ಲೂ ಆ ಕಾಲದ ಹೆಣ್ಣುಮಕ್ಕಳ ಪಾಠಶಾಲೆ ಅಡುಗೆಮನೆಯೇ ಆಗಿತ್ತಲ್ಲವೇ?

1859ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ಎಮ್ಮಾ ಅವರಿಗೆ ಜಾನ್ ವಿಥ್‌ನೆಲ್ ಎಂಬ ತರುಣನೊಂದಿಗೆ ಮದುವೆಯಾಯಿತು. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಅದೇ ಸಮಯದಲ್ಲಿ ಉತ್ತರದ ಸುದ್ದಿ ಬಂತು. 1861ರಲ್ಲಿ ಫ್ರಾನ್ಸಿಸ್ ಗ್ರೆಗೊರಿ ಎಂಬ ಅನ್ವೇಷಕರು ವಾಯವ್ಯ ಕರಾವಳಿಯನ್ನು ಸುತ್ತಿ ಬಂದು, ಅಲ್ಲಿ ಕುರಿ ಮೇಯಿಸಲು ಒಳ್ಳೆಯ ಹುಲ್ಲುಗಾವಲು ಇದೆ ಎಂದು ವರದಿ ಕೊಟ್ಟರು. 1863ರಲ್ಲಿ ವಾಲ್ಟರ್ ಪ್ಯಾಡ್‌ಬರಿ ಎಂಬ ವರ್ತಕರು 'ಟಿಯೆನ್ ಸಿನ್' ಎಂಬ ಹಡಗಿನಲ್ಲಿ ಮೊದಲ ಕುರಿಗಳನ್ನು ಕಳಿಸಿದರು. ದಕ್ಷಿಣದಲ್ಲಿ ಜಮೀನು ಸಾಲದ ಕುಟುಂಬಗಳಿಗೆ ಇದೊಂದು ದೊಡ್ಡ ಆಸೆಯಾಯಿತು. ವಿಥ್‌ನೆಲ್ ದಂಪತಿಗಳೂ ಹೊರಟುಬಿಟ್ಟರು.

ಸಮುದ್ರಯಾನ

1864ರಲ್ಲಿ 'ಸೀ ರಿಪಲ್' ಎಂಬ ಹಾಯಿಹಡಗಿನಲ್ಲಿ ಪ್ರಯಾಣ. ಎಮ್ಮಾ ಅವರಿಗೆ ಆಗ 21 ವರ್ಷ. ಜೊತೆಗೆ ಗಂಡ, ಇಬ್ಬರು ಪುಟ್ಟ ಮಕ್ಕಳು, ತಂಗಿ ಫ್ಯಾನಿ, ಸಹೋದರ ಜಾನ್ ಹ್ಯಾಂಕಾಕ್, ಗಂಡನ ಸಹೋದರ ರಾಬರ್ಟ್, ಕೆಲಸದವರು. ಅದೇ ಹಡಗಿನಲ್ಲಿ ನೂರಾರು ಕುರಿ, ದನ, ಕುದುರೆ. ಎಲ್ಲಕ್ಕಿಂತ ಮುಖ್ಯವಾಗಿ, ಎಮ್ಮಾ ಆಗ ತುಂಬು ಗರ್ಭಿಣಿ.

ಹಡಗು ಬಿರುಗಾಳಿಗೆ ಸಿಕ್ಕಿತು, ನೆಲಕ್ಕೆ ತಾಗಿ ಹಾನಿಗೊಂಡಿತು. ಕುಡಿಯುವ ನೀರು ಕಡಿಮೆಯಾಯಿತು. ಪ್ರಾಣಿಗಳು ಒಂದೊಂದಾಗಿ ಸತ್ತವು. ಒಂದು ಕುಟುಂಬದ ಇಡೀ ಬಂಡವಾಳವೇ ಆ ಕುರಿಗಳು. ದಡ ಸೇರುವಾಗ ಉಳಿದದ್ದು ಅದರಲ್ಲಿ ಸ್ವಲ್ಪ ಮಾತ್ರ. ಹೋಗಬೇಕೆಂದುಕೊಂಡಿದ್ದ ಜಾಗವನ್ನು ಬಿಟ್ಟು, ಟಿಯೆನ್ ಸಿನ್ ಬಂದರಿನಲ್ಲೇ ಇಳಿಯಬೇಕಾಯಿತು. ಈ ಬಂದರಿಗೆ ಮುಂದೆ ಕಾಸಕ್ ಎಂಬ ಹೆಸರು ಬಂತು. ಅಂಗಡಿಯಿಲ್ಲ, ಮನೆಯಿಲ್ಲ, ರಸ್ತೆಯಿಲ್ಲ. ಕಾಂಡ್ಲಾ ಗಿಡಗಳ ಕೆಸರು, ಅದರಾಚೆ ಕೆಂಪು ನೆಲ.

ಅಲ್ಲಿ ಕುಡಿಯುವ ನೀರಿರಲಿಲ್ಲ. ನೀರಿಗಾಗಿ ಸುಮಾರು 14 ಕಿಲೋಮೀಟರ್ ಒಳನಾಡಿಗೆ, ಹಾರ್ಡಿಂಗ್ ನದಿಯ ಕಡೆಗೆ ನಡೆದರು. ವಿಲೆಟನ್‌ನಿಂದ ಪರ್ತ್ ಪಟ್ಟಣದ ನಡುವಿಗೆ ಹೆಚ್ಚೂಕಡಿಮೆ ಇರುವಷ್ಟೇ ದೂರ. ಪಿಲ್ಬರಾದ ಬಿಸಿಲಿನಲ್ಲಿ, ಇಬ್ಬರು ಚಿಕ್ಕ ಮಕ್ಕಳೊಂದಿಗೆ, ದಿನ ತುಂಬಿದ ಬಸುರಿ ನಡೆದರು ಎಂದು ಒಮ್ಮೆ ಊಹಿಸಿಕೊಳ್ಳಿ. ನದಿಯ ಹತ್ತಿರ ಒಂದು ಗುಡ್ಡ, ಅದರ ಬುಡದಲ್ಲಿ ನೀರು. ಆ ಗುಡ್ಡಕ್ಕೆ ಮೌಂಟ್ ವೆಲ್ಕಮ್, ಅಂದರೆ ಸ್ವಾಗತದ ಗುಡ್ಡ, ಎಂಬ ಹೆಸರಾಯಿತು. ಅಲ್ಲಿ ಡೇರೆ ಹಾಕಿದ ಕೆಲವೇ ದಿನಗಳಲ್ಲಿ ಎಮ್ಮಾ ಮೂರನೆಯ ಮಗನನ್ನು ಹೆತ್ತರು. ನದಿಯ ನೆನಪಿಗೆ ಮಗುವಿಗೆ ರಾಬರ್ಟ್ ಹಾರ್ಡಿಂಗ್ ಎಂದು ಹೆಸರಿಟ್ಟರು.

ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಅಮ್ಮ ಎಣ್ಣೆ ಸ್ನಾನ ಮಾಡಿಸುತ್ತಾರೆ, ಸಾಂಬ್ರಾಣಿ ಹೊಗೆ ಹಾಕುತ್ತಾರೆ, ಬಾಣಂತಿಗೆ ಬಿಸಿಬಿಸಿ ಮೆಣಸಿನ ಸಾರು ಬಡಿಸುತ್ತಾರೆ. ಎಮ್ಮಾ ಅವರ ತವರು ಹಡಗಿನ ದಾರಿಯಲ್ಲಿ ವಾರಗಟ್ಟಲೆ ದೂರವಿತ್ತು. ಹತ್ತಿರದಲ್ಲಿ ಇದ್ದವಳು ತಂಗಿ ಫ್ಯಾನಿ ಒಬ್ಬಳೇ.

ಅವರು 'ಖಾಲಿ' ಎಂದುಕೊಂಡ ನಾಡು

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ನದಿಯ ದಡ ಖಾಲಿಯಾಗಿರಲಿಲ್ಲ. ಅದು ಙಾರ್ಲುಮಾ ಜನರ ನಾಡು. ಸಾವಿರಾರು ವರ್ಷಗಳಿಂದ ಅವರು ಅಲ್ಲಿದ್ದರು. ರೋಬರ್ನ್ ಇರುವ ಜಾಗಕ್ಕೆ ಇಯೆರಮುಗಡು ಎಂಬುದು ಅವರ ಹೆಸರು. ಯಾವ ಹೊಂಡದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಕಾಳನ್ನು ಯಾವಾಗ ಕೀಳಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅಲ್ಲಿನ ಹೆಂಗಸರು ಹುಲ್ಲಿನ ಕಾಳುಗಳನ್ನು ಕೂಡಿಸಿ, ಕೇರಿ, ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಿಂದ ಅರೆದು, ಹಿಟ್ಟು ಮಾಡಿ ಬೂದಿಯಲ್ಲಿ ಸುಡುತ್ತಿದ್ದರು.

ಈಗ ಮೂರು ಹೆಂಗಸರನ್ನು ಒಟ್ಟಿಗೆ ನೆನೆಸಿಕೊಳ್ಳಿ. 1860ರ ದಶಕದ ಒಂದು ಮುಂಜಾನೆ. ಹಾರ್ಡಿಂಗ್ ನದಿಯ ದಡದಲ್ಲಿ ಒಬ್ಬ ಙಾರ್ಲುಮಾ ತಾಯಿ ಕಲ್ಲಿನ ಮೇಲೆ ಕಾಳು ಅರೆಯುತ್ತಿದ್ದಾಳೆ. ಸ್ವಲ್ಪ ದೂರದಲ್ಲಿ ಎಮ್ಮಾ ಹಡಗಿನಿಂದ ಬಂದ ಗೋಧಿ ಹಿಟ್ಟು ನಾದುತ್ತಿದ್ದಾರೆ. ಸಮುದ್ರದಾಚೆ, ನಮ್ಮ ಕರ್ನಾಟಕದ ಯಾವುದೋ ಹಳ್ಳಿಯಲ್ಲಿ ನಮ್ಮ ಮುತ್ತಜ್ಜಿಯ ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿಯನ್ನೋ ಜೋಳವನ್ನೋ ಬೀಸುತ್ತಿದ್ದಾಳೆ. ಮೂವರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದಿದ್ದರೂ ಮೂವರ ಚಿಂತೆಯೂ ಒಂದೇ: ಮಕ್ಕಳು ಎದ್ದಾಗ ತಿನ್ನಲು ಏನಾದರೂ ಇರಬೇಕು.

ದಿನನಿತ್ಯದ ಬದುಕು

ಆ ಕಾಲದ ಒಂದು ಪಿಲ್ಬರಾ ಮನೆಯಲ್ಲಿ ದಿನ ಹೇಗೆ ಕಳೆಯುತ್ತಿತ್ತು?

ಮೊದಲನೆಯದು ನೀರು. ನದಿಯ ಹೊಂಡದಿಂದ ತರಬೇಕು. ಕುಡಿಯಲು, ಅಡುಗೆಗೆ, ಒಗೆಯಲು, ದನಕರುಗಳಿಗೆ, ಎಲ್ಲಕ್ಕೂ ಹೊತ್ತು ತಂದ ನೀರೇ. ಹಾರ್ಡಿಂಗ್ ನಮ್ಮ ಕಾವೇರಿಯಂತೆ ವರ್ಷವಿಡೀ ಹರಿಯುವ ನದಿಯಲ್ಲ. ಮಳೆ ಬಂದಾಗ ಉಕ್ಕುತ್ತದೆ, ಉಳಿದ ತಿಂಗಳಲ್ಲಿ ಅಲ್ಲಲ್ಲಿ ಹೊಂಡಗಳಾಗಿ ನಿಲ್ಲುತ್ತದೆ. ನೀರನ್ನು ಎರಡು ಸಲ, ಮೂರು ಸಲ ಬಳಸಬೇಕಾಗುತ್ತಿತ್ತು.

ಎರಡನೆಯದು ಬೆಂಕಿ. ಸೌದೆ ತಂದು ಒಲೆ ಹೊತ್ತಿಸಬೇಕು. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲು, ಒಳಗೆ ಉರಿಯುವ ಒಲೆ. ಈ ಸೀಮೆ ಎಷ್ಟು ಬಿಸಿಯೆಂದರೆ, ಪಿಲ್ಬರಾದಲ್ಲೇ ಇರುವ ಮಾರ್ಬಲ್ ಬಾರ್ ಎಂಬ ಊರಿನಲ್ಲಿ 1923-24ರ ಬೇಸಿಗೆಯಲ್ಲಿ ಸತತ 160 ದಿನ 37.8 ಡಿಗ್ರಿಗಿಂತ ಕಡಿಮೆಯಾಗದ ಬಿಸಿಲು ದಾಖಲಾಗಿದೆ. ಫ್ಯಾನ್ ಇಲ್ಲ, ಐಸ್ ಇಲ್ಲ. ಆ ಕಾಲದ ಉಡುಪಾದರೋ ಕತ್ತಿನಿಂದ ಪಾದದವರೆಗೆ, ತೋಳಿನ ತುದಿಯವರೆಗೆ ಮುಚ್ಚಿದ ದಪ್ಪ ಬಟ್ಟೆ.

ಮೂರನೆಯದು ಆಹಾರ. ಹಿಟ್ಟು, ಸಕ್ಕರೆ, ಚಹಾ, ಉಪ್ಪು ಎಲ್ಲವೂ ಫ್ರೀಮ್ಯಾಂಟಲ್‌ನಿಂದ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಇದ್ದುದನ್ನೇ ಅಳೆದು ಬಳಸಬೇಕು. ಹಿಟ್ಟಿನ ಮೂಟೆಯಲ್ಲಿ ಹುಳು ಬೀಳುವುದು ಸಾಮಾನ್ಯ. ಜರಡಿ ಹಿಡಿದು ಅದನ್ನೇ ಉಪಯೋಗಿಸುತ್ತಿದ್ದರು. ಒಲೆಯ ಬೂದಿಯಲ್ಲಿ ಸುಡುವ 'ಡ್ಯಾಂಪರ್' ಎಂಬ ದಪ್ಪ ರೊಟ್ಟಿ ದಿನನಿತ್ಯದ ಊಟ. ಮಾಂಸವನ್ನು ಆ ಸೆಕೆಯಲ್ಲಿ ಒಂದು ದಿನವೂ ಇಡಲಾಗದು. ಕಡಿದ ಕೂಡಲೇ ಉಪ್ಪು ಹಚ್ಚಿ ಇಡಬೇಕು. ಕುರಿಯ ಕೊಬ್ಬನ್ನು ಕಾಯಿಸಿ ಮೇಣದಬತ್ತಿ, ಅದಕ್ಕೆ ಬೂದಿಯ ಕ್ಷಾರ ಸೇರಿಸಿ ಸೋಪು. ಖಾಲಿಯಾದ ಹಿಟ್ಟಿನ ಚೀಲವನ್ನೂ ಎಸೆಯುತ್ತಿರಲಿಲ್ಲ. ಅದನ್ನು ಒಗೆದು ಮಕ್ಕಳಿಗೆ ಅಂಗಿಯಾಗಿ, ಒರೆಸುವ ಬಟ್ಟೆಯಾಗಿ ಹೊಲಿಯುತ್ತಿದ್ದರು. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದ ಹಾಗೆ.

ನಾಲ್ಕನೆಯದು ಬಟ್ಟೆ ಒಗೆಯುವುದು. ಅದಕ್ಕೆ ಒಂದು ಇಡೀ ದಿನ ಬೇಕು. ಹಂಡೆಯಲ್ಲಿ ನೀರು ಕಾಯಿಸಿ, ಬಟ್ಟೆ ಕುದಿಸಿ, ಉಜ್ಜಿ, ಹಿಂಡಿ, ಒಣಗಿಸಿ, ಮರುದಿನ ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಪೆಟ್ಟಿಗೆಯಿಂದ ಇಸ್ತ್ರಿ. ಮನೆಯಲ್ಲಿ ಕೈಕೂಸು ಇದ್ದರಂತೂ ಕೇಳುವುದೇ ಬೇಡ. ಎಮ್ಮಾ ಅವರ ಮನೆಯಲ್ಲಿ ಕೈಕೂಸು ಇಲ್ಲದ ವರ್ಷವೇ ಕಡಿಮೆ. ಒಟ್ಟು 11 ಮಕ್ಕಳನ್ನು ಅವರು ಹೆತ್ತರು.

ಇದರ ಜೊತೆಗೆ ಪಾಠ. ಹತ್ತಿರ ಶಾಲೆಯಿಲ್ಲದ ಕಡೆ ಅಕ್ಷರ, ಮಗ್ಗಿ, ಪ್ರಾರ್ಥನೆ ಎಲ್ಲವೂ ತಾಯಿಯದೇ ಹೊಣೆ. ಅದರ ಮೇಲೆ ಅತಿಥಿಗಳು. ಕುರಿ ಹೊಡೆದುಕೊಂಡು ಹೋಗುವವರು, ಹಡಗಿನಿಂದ ಇಳಿದವರು, ಜಮೀನು ಹುಡುಕಿ ಬಂದವರು, ಯಾರು ಬಂದರೂ ಬಾಗಿಲಲ್ಲಿ ನಿಂತವರಿಗೆ ಊಟ ಹಾಕಬೇಕು. ಆ ಸೀಮೆಯ ಮೊದಲ ಬಿಳಿಯ ಕುಟುಂಬದ ಮನೆ ಇವರದೇ ಆದ್ದರಿಂದ ಮೌಂಟ್ ವೆಲ್ಕಮ್ ಹೆಸರಿಗೆ ತಕ್ಕಂತೆ ಎಲ್ಲರ ತಂಗುದಾಣವಾಯಿತು. ಜಾನ್ ಅವರು ಕುರಿ ಸಾಕಣೆಯ ಜೊತೆಗೆ ಬಂದರಿನಿಂದ ಸರಕು ಸಾಗಿಸುವ ಕೆಲಸ, ವ್ಯಾಪಾರ ಎಲ್ಲವನ್ನೂ ನಡೆಸಿದರು. ಅವರು ಊರೂರು ತಿರುಗುವಾಗ ಮನೆ, ಮಂದೆ, ಲೆಕ್ಕ ಎಲ್ಲವೂ ಎಮ್ಮಾ ಅವರ ಕೈಯಲ್ಲಿ.

1866ರಲ್ಲಿ ಅವರ ಮನೆಯ ಪಕ್ಕದಲ್ಲೇ ರೋಬರ್ನ್ ಪಟ್ಟಣವನ್ನು ಸರ್ಕಾರ ಘೋಷಿಸಿತು. ಜೆರಾಲ್ಡ್‌ಟನ್ ಮತ್ತು ಡಾರ್ವಿನ್ ನಡುವೆ ಇಂದಿಗೂ ಉಳಿದಿರುವ ಊರುಗಳಲ್ಲಿ ಅದೇ ಅತಿ ಹಳೆಯದು. ನಮ್ಮಲ್ಲಿ ಊರು ಹುಟ್ಟುವುದು ಒಂದು ಗುಡಿಯ ಸುತ್ತಲೋ ಕೆರೆಯ ಸುತ್ತಲೋ. ಇಲ್ಲಿ ಅದು ಒಂದು ಒಲೆಯ ಸುತ್ತ ಹುಟ್ಟಿತು ಎಂದರೆ ತಪ್ಪಾಗದು.

ಸಿಡುಬಿನ ವರ್ಷ

ಅದೇ 1866ರಲ್ಲಿ ಸಿಡುಬು ಬಂತು. ಮೂಲನಿವಾಸಿಗಳ ದೇಹಕ್ಕೆ ಈ ರೋಗದ ಪರಿಚಯವಿರಲಿಲ್ಲ. ಗುಂಪುಗುಂಪಾಗಿ ಜನ ಮಲಗಿದರು, ಅನೇಕರು ಸತ್ತರು. ಸಿಡುಬು ಎಂದರೆ ಏನೆಂದು ನಮ್ಮ ಹಿರಿಯರನ್ನು ಕೇಳಿ. ಅದನ್ನು 'ಅಮ್ಮ' ಎಂದು ಭಯಭಕ್ತಿಯಿಂದ ಕರೆದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯವರು ಕೈಮುಗಿದು ಕೂರುತ್ತಿದ್ದ ರೋಗ ಅದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ಅಳಿಯಿತು ಎಂದು ಘೋಷಿಸುವವರೆಗೆ ಪ್ರಪಂಚವೆಲ್ಲ ಅದಕ್ಕೆ ಹೆದರುತ್ತಿತ್ತು.

ಇಂಥ ರೋಗಿಗಳ ಹತ್ತಿರ ಹೋಗುವುದಕ್ಕೆ ಎದೆಗಾರಿಕೆ ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಿಗಂತೂ ಇನ್ನೂ ಹೆಚ್ಚು ಬೇಕು. ಎಮ್ಮಾ ಹೋದರು. ಙಾರ್ಲುಮಾ ಜನರಿಗೆ ನೀರು, ಆಹಾರ ಕೊಟ್ಟು ಆರೈಕೆ ಮಾಡಿದರು. ಆ ಜನ ಅದನ್ನು ಮರೆಯಲಿಲ್ಲ. ಅವರ ಸಮಾಜದಲ್ಲಿ ಪ್ರತಿಯೊಬ್ಬರೂ ಒಂದು ಬಂಧುತ್ವದ ವಿಭಾಗಕ್ಕೆ ಸೇರಿರುತ್ತಾರೆ. ನಮ್ಮಲ್ಲಿ ಗೋತ್ರ, ಬೆಡಗು, ಬಳಿ ಇದ್ದಂತೆ. ಯಾರು ಯಾರಿಗೆ ಏನಾಗಬೇಕು, ಯಾರನ್ನು ಮದುವೆಯಾಗಬಹುದು, ಯಾರು ಯಾರಿಗೆ ನೆರವಾಗಬೇಕು ಎಂಬುದು ಅದರಿಂದ ತಿಳಿಯುತ್ತದೆ. ಅಂಥ ಒಂದು ವಿಭಾಗದಲ್ಲಿ, 'ಬೂರೋಂಗ್' ಎಂಬ ಹೆಸರಿನಲ್ಲಿ, ಅವರು ಎಮ್ಮಾ ಅವರನ್ನು ಸೇರಿಸಿಕೊಂಡರು. ಎಲ್ಲಿಂದಲೋ ಬಂದವಳನ್ನು ತಮ್ಮ ಬಂಧು ಎಂದು ಒಪ್ಪಿಕೊಂಡರು. ಇದಕ್ಕಿಂತ ದೊಡ್ಡ ಗೌರವ ಆ ನಾಡಿನಲ್ಲಿ ಬೇರೆ ಇರಲಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತು

ಇಲ್ಲಿಗೆ ನಿಲ್ಲಿಸಿದರೆ ಈ ಜೀವನಚರಿತ್ರೆ ಬಹಳ ಚೆನ್ನಾಗಿರುತ್ತದೆ. ಆದರೆ ಅದು ಅರ್ಧ ಸತ್ಯವಾಗುತ್ತದೆ. ಮಕ್ಕಳಿಗೆ ಪೂರ್ತಿ ಹೇಳುವುದೇ ಸರಿ.

ಎರಡು ವರ್ಷದ ನಂತರ, 1868ರ ಫೆಬ್ರವರಿಯಲ್ಲಿ, ರೋಬರ್ನ್‌ಗೆ ಪಶ್ಚಿಮದಲ್ಲಿರುವ ಮುರುಜುಗ ಎಂಬ ಕಡಲ ತೀರದಲ್ಲಿ ಒಂದು ಘಟನೆ ನಡೆಯಿತು. ಅದು ಯಾಬುರಾರಾ ಜನರ ನಾಡು. ಮುತ್ತಿನ ದೋಣಿಯಿಂದ ಹಿಟ್ಟು ಕದ್ದನೆಂದು ಒಬ್ಬ ಮೂಲನಿವಾಸಿಯನ್ನು ಗ್ರಿಫಿಸ್ ಎಂಬ ಪೊಲೀಸ್ ಪೇದೆ ಬಂಧಿಸಿದ. ಹಿಟ್ಟು! ಯಾವ ಹಿಟ್ಟಿಗಾಗಿ ಎಲ್ಲ ತಾಯಂದಿರೂ ಚಿಂತಿಸುತ್ತಿದ್ದರೋ ಅದೇ ಹಿಟ್ಟು. ಆ ಜನರ ಬೇಟೆಯ ನೆಲ, ಕಾಳಿನ ನೆಲ ಕುರಿಗಳ ಪಾಲಾಗುತ್ತಿದ್ದ ಕಾಲ ಅದು. ಬಂಧಿತನನ್ನು ಬಿಡಿಸಿಕೊಳ್ಳುವಾಗ ಆ ಪೇದೆಯೂ ಅವನ ಜೊತೆಗಿದ್ದವರೂ ಸತ್ತರು. ಆಗ ಸರ್ಕಾರದ ಸ್ಥಾನಿಕ ಅಧಿಕಾರಿಯಾಗಿದ್ದ ರಾಬರ್ಟ್ ಶೋಲ್ ಅವರು ವಸಾಹತಿಗರನ್ನೇ ವಿಶೇಷ ಪೇದೆಗಳಾಗಿ ನೇಮಿಸಿ, ನೆಲದ ಮೇಲೆ ಒಂದು, ಸಮುದ್ರದಲ್ಲಿ ಒಂದು ಎಂದು ಎರಡು ತಂಡ ಕಳಿಸಿದರು. ಆ ತಂಡಗಳು ಯಾಬುರಾರಾ ಜನರನ್ನು ಗುಂಡಿಟ್ಟು ಕೊಂದವು. ಸತ್ತವರು ಕನಿಷ್ಠ 15 ಎನ್ನುವ ಲೆಕ್ಕವಿದೆ, 150ರವರೆಗೂ ಎನ್ನುವ ಲೆಕ್ಕವಿದೆ. ಇದನ್ನು ಫ್ಲೈಯಿಂಗ್ ಫೋಮ್ ಹತ್ಯಾಕಾಂಡ ಎನ್ನುತ್ತಾರೆ. ತಂಡಗಳ ಮುಂದಾಳುಗಳಲ್ಲಿ ಒಬ್ಬರು ಅಲೆಕ್ಸಾಂಡರ್ ಮೆಕ್‌ರೇ. ಇನ್ನೊಬ್ಬರು ಜಾನ್ ವಿಥ್‌ನೆಲ್, ಎಮ್ಮಾ ಅವರ ಗಂಡ.

ರೋಗಿಗಳಿಗೆ ನೀರು ಕುಡಿಸಿದ ಕೈಯೂ ಬಂದೂಕು ಹಿಡಿದ ಕೈಯೂ ಒಂದೇ ಮನೆಯವು. ಒಂದೇ ಮೇಜಿನ ಮೇಲೆ ರೊಟ್ಟಿ ಮುರಿದ ಕೈಗಳು. ಇದನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆಗಬೇಕಾದದ್ದೇ. ಒಂದು ಒಳ್ಳೆಯ ಕೆಲಸ ಇನ್ನೊಂದು ಕೆಟ್ಟ ಕೆಲಸವನ್ನು ಅಳಿಸುವುದಿಲ್ಲ. ಕೆಟ್ಟದ್ದು ನಡೆದ ಮಾತ್ರಕ್ಕೆ ಸಿಡುಬಿನ ವರ್ಷದ ಆರೈಕೆ ಸುಳ್ಳಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಕಷ್ಟ, ಆದರೆ ಚರಿತ್ರೆ ಓದುವವರು ಕಲಿಯಬೇಕಾದ ಮೊದಲ ಪಾಠ ಅದೇ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಪಿಲ್ಬರಾದ ಇಂಥ ಮನೆಗಳಲ್ಲಿ ಎಷ್ಟೋ ಕೆಲಸಗಳನ್ನು ಮೂಲನಿವಾಸಿ ಹೆಂಗಸರೇ ಮಾಡುತ್ತಿದ್ದರು. ನೀರು ತರುವುದು, ಬಟ್ಟೆ ಒಗೆಯುವುದು, ಮಕ್ಕಳನ್ನು ಎತ್ತಿ ಆಡಿಸುವುದು, ಕುರಿ ಕಾಯುವುದು. ಕೂಲಿಯೆಂದು ಅವರಿಗೆ ಸಿಗುತ್ತಿದ್ದದ್ದು ಹಿಟ್ಟು, ಚಹಾ, ಸಕ್ಕರೆ, ತಂಬಾಕು. ಮುತ್ತಿನ ವ್ಯಾಪಾರದಲ್ಲಿ ಅವರ ಗಂಡಸರನ್ನೂ ಹೆಂಗಸರನ್ನೂ ಬಲವಂತವಾಗಿ ಸಮುದ್ರಕ್ಕೆ ಇಳಿಸಿದ್ದೂ ಉಂಟು. ಹೆಂಗಸರನ್ನು ಹಾಗೆ ಬಳಸಬಾರದೆಂದು 1871ರಲ್ಲಿ ಕಾನೂನು ಮಾಡಬೇಕಾಯಿತೆಂದರೆ ಪರಿಸ್ಥಿತಿ ಹೇಗಿದ್ದಿರಬಹುದು! ಎಮ್ಮಾ ಅವರ ಹೆಸರು ಪುಸ್ತಕಗಳಲ್ಲಿದೆ. ಆ ಹೆಂಗಸರ ಹೆಸರುಗಳು ಇಲ್ಲ.

ಬಿರುಗಾಳಿ ಮತ್ತು ಮರಳಿ ಕಟ್ಟುವುದು

ಪಿಲ್ಬರಾದ ಕರಾವಳಿಯಲ್ಲಿ ಬೇಸಿಗೆ ಎಂದರೆ ಚಂಡಮಾರುತದ ಕಾಲ. 1867ರಲ್ಲಿ 'ಎಮ್ಮಾ' ಎಂಬ ಹೆಸರಿನದೇ ಒಂದು ಹಡಗು ರೋಬರ್ನ್ ಕಡೆಯಿಂದ ದಕ್ಷಿಣಕ್ಕೆ ಹೊರಟು 40ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿಹೋಯಿತು. ಬೆರಳೆಣಿಕೆಯ ಜನರಿದ್ದ ಆ ಸೀಮೆಯಲ್ಲಿ ಅದು ಪ್ರತಿಯೊಂದು ಮನೆಯ ದುಃಖ. ಅಧಿಕಾರಿ ಶೋಲ್ ಅವರ ಮಗನೂ ಅದರಲ್ಲಿದ್ದ. 1872ರ ಮಾರ್ಚ್‌ನಲ್ಲಿ ಬಂದ ಚಂಡಮಾರುತ ರೋಬರ್ನ್ ಪಟ್ಟಣವನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಚಾವಣಿ ಹಾರಿತು, ಗೋಡೆ ಬಿತ್ತು, ಕೂಡಿಟ್ಟ ಹಿಟ್ಟು ನೆನೆಯಿತು. ಮರುದಿನ ಬೆಳಿಗ್ಗೆ ಏನು ಮಾಡಬೇಕು? ಒದ್ದೆ ಬಟ್ಟೆ ಒಣಹಾಕಬೇಕು, ಒಲೆಗೆ ಒಣಸೌದೆ ಹುಡುಕಬೇಕು, ಮಕ್ಕಳಿಗೆ ಊಟ ಕೊಡಬೇಕು. ಗೃಹಿಣಿಯರಿಗೆ ಕುಳಿತು ಅಳುವುದಕ್ಕೂ ಪುರುಸೊತ್ತಿರಲಿಲ್ಲ.

1879ರಲ್ಲಿ ಕುಟುಂಬ ರೋಬರ್ನ್‌ನ ಪೂರ್ವಕ್ಕಿರುವ ಶೆರ್ಲಾಕ್ ಎಂಬ ಕುರಿಸಾಕಣೆಯ ಠಾಣ್ಯಕ್ಕೆ ಹೋಯಿತು. ಮತ್ತೆ ಹೊಸ ಮನೆ, ಹೊಸ ಒಲೆ, ಹೊಸ ನೀರಿನ ದಾರಿ. ಅದೇ ಹೊತ್ತಿನಲ್ಲಿ, 1876ರಿಂದ 1878ರವರೆಗೆ, ನಮ್ಮ ಮೈಸೂರು ಸೀಮೆ ಧಾತು ಬರಗಾಲದಿಂದ ತತ್ತರಿಸಿ ಆಗಷ್ಟೇ ಸುಧಾರಿಸಿಕೊಳ್ಳುತ್ತಿತ್ತು. ಸುಮಾರು ಹತ್ತು ಲಕ್ಷ ಜನ ಆ ಬರದಲ್ಲಿ ಹೋದರು. ಬಿರುಗಾಳಿಯಾಗಲಿ, ಬರವಾಗಲಿ, ಉಳಿದ ಕಾಳನ್ನು ಎಣಿಸಿ ನಾಳೆಗೆಂದು ಎತ್ತಿಡುವ ಕೆಲಸ ಎಲ್ಲ ದೇಶದಲ್ಲೂ ಹೆಂಗಸಿನದೇ ಆಗಿತ್ತು.

ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಈ ಕುಟುಂಬದಲ್ಲಿ ನಡೆಯಿತು. 1888ರಲ್ಲಿ ಎಮ್ಮಾ ಅವರ ಮಗ ಜಿಮ್ಮಿ, ಮಲ್ಲಿನಾ ಎಂಬ ಜಾಗದಲ್ಲಿ, ಒಂದು ಕಾಗೆಗೆ ಹೊಡೆಯಲೆಂದು ಕಲ್ಲು ಎತ್ತಿಕೊಂಡನಂತೆ. ನೋಡಿದರೆ ಕಲ್ಲಿನಲ್ಲಿ ಚಿನ್ನ! ಪಿಲ್ಬರಾದ ಚಿನ್ನದ ಓಟ ಶುರುವಾದದ್ದು ಹೀಗೆ. ರೋಬರ್ನ್‌ನ ಅಧಿಕಾರಿ ಸಂಭ್ರಮದಲ್ಲಿ ಈ ಹುಡುಗ ಕಾಗೆಗೆ ಹೊಡೆಯಲು ಕಲ್ಲು ಎತ್ತಿದ ಎಂದಷ್ಟೇ ತಂತಿ ಕಳಿಸಿ, ಚಿನ್ನದ ವಿಷಯ ಹೇಳುವುದನ್ನೇ ಮರೆತರಂತೆ. ಪರ್ತ್‌ನಲ್ಲಿದ್ದ ಗವರ್ನರ್ ಆ ಕಾಗೆ ಏನಾಯಿತು ಎಂದು ತಿರುಗಿ ತಂತಿಯಲ್ಲಿ ವಿಚಾರಿಸಿದರಂತೆ. ಕಥೆಗೆ ಒಂದಿಷ್ಟು ಉಪ್ಪುಖಾರ ಸೇರಿರಬಹುದು, ಆದರೆ ಇವತ್ತಿಗೂ ಆ ಸೀಮೆಯಲ್ಲಿ ಇದನ್ನು ಹೇಳಿ ನಗುತ್ತಾರೆ.

ಕೊನೆಯ ವರ್ಷಗಳು

1890ರ ಸುಮಾರಿಗೆ ವಿಥ್‌ನೆಲ್ ದಂಪತಿಗಳು ದಕ್ಷಿಣಕ್ಕೆ, ಎಮ್ಮಾ ಹುಟ್ಟಿದ ಗಿಲ್ಡ್‌ಫರ್ಡ್‌ಗೆ ಮರಳಿದರು. 1898ರಲ್ಲಿ ಜಾನ್ ತೀರಿಕೊಂಡರು. ಮರುವರ್ಷ, 1899ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಹೆಂಗಸರಿಗೆ ಮತದಾನದ ಹಕ್ಕು ಬಂತು. ಆದರೆ ಮೂಲನಿವಾಸಿ ಹೆಂಗಸರಲ್ಲಿ ಬಹುತೇಕ ಯಾರಿಗೂ ಅದು ಸಿಗಲಿಲ್ಲ. 1921ರಲ್ಲಿ ಇದೇ ರಾಜ್ಯದ ಎಡಿತ್ ಕೋವನ್ ಆಸ್ಟ್ರೇಲಿಯಾದಲ್ಲೇ ಮೊದಲ ಮಹಿಳಾ ಶಾಸಕಿಯಾದರು. ಅವರೂ ಜೆರಾಲ್ಡ್‌ಟನ್ ಬಳಿಯ ಒಂದು ಕುರಿಸಾಕಣೆಯ ಮನೆಯಲ್ಲಿ ಹುಟ್ಟಿದವರೇ. ಅವರ ಮುಖ ನಮ್ಮ 50 ಡಾಲರ್ ನೋಟಿನ ಮೇಲಿದೆ. ಈ ಬದಲಾವಣೆಗಳನ್ನೆಲ್ಲ ಕಾಣುವಷ್ಟು ದಿನ ಎಮ್ಮಾ ಬದುಕಿದ್ದರು. 1928ರ ಮೇ 16ರಂದು, 85ನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ನಂತರ ಆ ಸೀಮೆಯ ಭಾಗ್ಯ ಬದಲಾಯಿತು. ಮುತ್ತು ಹೋಯಿತು, ಕಬ್ಬಿಣದ ಅದಿರು ಬಂತು. ಅದಿರಿನ ಗಣಿಗಳಿಂದ ಹೆಸರಾದ ಲ್ಯಾಂಗ್ ಹ್ಯಾಂಕಾಕ್ ಎಮ್ಮಾ ಅವರ ತವರಿನ ವಂಶದವರೇ. ಕಾಸಕ್ ಬಂದರು ಜನರಿಲ್ಲದ ಊರಾಯಿತು. ಙಾರ್ಲುಮಾ ಜನ ಮಾತ್ರ ಇಂದಿಗೂ ಅಲ್ಲಿದ್ದಾರೆ. ದೀರ್ಘ ಹೋರಾಟದ ನಂತರ 2005ರಲ್ಲಿ ಅವರಿಗೂ ನೆರೆಯ ಯಿಂಡ್ಜಿಬಾರ್ಂಡಿ ಜನರಿಗೂ ತಮ್ಮ ನಾಡಿನ ಮೇಲಿನ ಸಾಂಪ್ರದಾಯಿಕ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು. ಹತ್ಯಾಕಾಂಡ ನಡೆದ ಮುರುಜುಗದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಕೆತ್ತನೆಗಳಿವೆ. 2025ರ ಜುಲೈನಲ್ಲಿ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮ ಹಂಪಿ, ಪಟ್ಟದಕಲ್ಲುಗಳ ಸಾಲಿಗೆ ಅದೂ ಬಂತು.

ನಮಗೇನು ಪಾಠ?

ನಾವೂ ಸಮುದ್ರ ದಾಟಿ ಬಂದವರು. ನಮಗೂ ಇಲ್ಲಿ ಮೊದಲ ದಿನಗಳಲ್ಲಿ ತವರು ದೂರವೆನಿಸಿದೆ, ಹೆರಿಗೆಗೆ ಅಮ್ಮ ಬರಲು ವೀಸಾ ಸಿಗುವುದೋ ಇಲ್ಲವೋ ಎಂದು ಕಾದಿದ್ದೇವೆ, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆಂದು ಹುಡುಕಿದ್ದೇವೆ. ಆದ್ದರಿಂದ ಎಮ್ಮಾ ಅವರ ಕಷ್ಟ ನಮಗೆ ಬೇಗ ಅರ್ಥವಾಗುತ್ತದೆ. ಆದರೆ ನಾವು ಕಾಲಿಟ್ಟ ನೆಲಕ್ಕೆ ನಮಗಿಂತ ಮೊದಲು ಒಡೆಯರಿದ್ದರು, ಇದ್ದಾರೆ ಎಂಬುದೂ ಅವರ ಬದುಕಿನಿಂದಲೇ ತಿಳಿಯುತ್ತದೆ. ಬೂರೋಂಗ್ ಎಂದು ಬಂಧುತ್ವ ಕೊಟ್ಟವರಿಗೆ ವಸಾಹತು ಹಿಂದಿರುಗಿಸಿದ್ದು ಬಹಳ ಕಡಿಮೆ. ಆ ಸಾಲ ಇನ್ನೂ ತೀರಿಲ್ಲ.

ಮಕ್ಕಳೇ, ನಿಮಗೆ ಒಂದು ಸಣ್ಣ ಕೆಲಸ. ಈ ವಾರ ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿದಾಗ, ಚೆನ್ನಾಗಿದ್ದೀರಾ ಎಂದು ಕೇಳಿ ಅಪ್ಪನ ಕೈಗೆ ಫೋನ್ ಕೊಟ್ಟುಬಿಡಬೇಡಿ. ಅವರ ಅಮ್ಮ, ಅವರ ಅಜ್ಜಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಬೀಸುವ ಕಲ್ಲು ಮನೆಯಲ್ಲಿ ಎಲ್ಲಿತ್ತು, ಮನೆಗೆಲಸಕ್ಕೆ ಯಾರು ಬರುತ್ತಿದ್ದರು, ಅವರಿಗೆ ಊಟ ಎಲ್ಲಿ ಬಡಿಸುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಹೆಸರುಗಳನ್ನು ಮಾತ್ರ ಮರೆಯದೆ ಬರೆಯಿರಿ, ಮನೆಗೆಲಸಕ್ಕೆ ಬರುತ್ತಿದ್ದವರ ಹೆಸರನ್ನೂ ಸೇರಿಸಿ.